ಸ್ಟಾರ್ಟಪ್‌ಗಳನ್ನು ಬೆಳೆಸಲು ಯಾವ ದಾರಿ ಮೊದಲು? ಕಟ್ಟಡ, ಧನಸಹಾಯ, ಫಂಡ್, ಕಾನೂನು, ಖರೀದಿ: ಒಂದು ಹೋಲಿಕೆ

ಬೆಳೆಯುತ್ತಿರುವ ದೇಶಗಳಲ್ಲಿ ಈ ಕತೆ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತದೆ. ಅಧಿಕಾರಿಗಳ ಒಂದು ತಂಡ ಸಿಲಿಕಾನ್ ವ್ಯಾಲಿ ನೋಡಿಕೊಂಡು ಬರುತ್ತದೆ. ಬಂದ ಮೇಲೆ ಒಂದು ಸಮಿತಿ, ಒಂದು ಲೋಗೋ, ಒಂದು ಗಾಜಿನ ಕಟ್ಟಡದ ನಕ್ಷೆ. ಉದ್ಘಾಟನೆ ಜೋರಾಗಿ ಆಗುತ್ತದೆ. ಐದು ವರ್ಷ ಬಿಟ್ಟು ಹೋಗಿ ನೋಡಿದರೆ ಕಟ್ಟಡ ಇರುತ್ತದೆ, ಹೇಳಿಕೊಳ್ಳುವಂಥ ಕಂಪನಿ ಇರುವುದಿಲ್ಲ.

ಹಾಗಂತ ಸರ್ಕಾರ ಕೈ ಹಾಕಿದ್ದೆಲ್ಲ ಕೆಟ್ಟಿದೆ ಅಂತಲ್ಲ. ತೈವಾನ್, ಇಸ್ರೇಲ್, ಎಸ್ಟೋನಿಯಾ ಮೂರೂ ಕಡೆ ಸರ್ಕಾರದ ಕೈ ದೊಡ್ಡದಾಗಿಯೇ ಇತ್ತು. ಆದರೆ ಮೂವರೂ ಹಿಡಿದದ್ದು ಬೇರೆ ಬೇರೆ ದಾರಿ. ಹಾಗಾಗಿ ಬೇರೆಯವರು ಏನು ಮಾಡಿದರು ಅಂತ ಕೇಳುವ ಮೊದಲು ನಮ್ಮಲ್ಲಿ ಏನು ಕೆಟ್ಟಿದೆ ಅಂತ ಕೇಳಿಕೊಳ್ಳಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಕಡೆ ನಿಜವಾದ ಕೊರತೆ ಹಣದ್ದಲ್ಲ. ದುಡ್ಡು ಕೊಟ್ಟು ಕೊಳ್ಳುವ ಮೊದಲ ಗಿರಾಕಿಯದ್ದು, ಮತ್ತೆ ಒಳ್ಳೆಯ ಕಂಪನಿಯನ್ನು ಗುರುತಿಸುವ ಕಣ್ಣಿನದ್ದು. ಕೆಳಗಿನ ಹೋಲಿಕೆಯನ್ನು ಈ ಒಲವು ಇಟ್ಟುಕೊಂಡೇ ಬರೆದಿದ್ದೇನೆ, ಓದುವಾಗ ಅದು ನೆನಪಿರಲಿ.

ಮೊದಲು ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಗೆದ್ದ ಸ್ಥಾಪಕರನ್ನು ಕರೆದು ವೇದಿಕೆ ಮೇಲೆ ಕೂರಿಸಿ ಸಲಹೆ ಕೇಳುವುದು ಸುಲಭ. ಅವರು ಹೇಳುವುದು ಅವರ ಗೆಲುವಿನ ಕತೆ. ನಿಮಗೆ ಬೇಕಾದ ಮಾಹಿತಿ ಇರುವುದು ಕಂಪನಿ ಮುಚ್ಚಿದವರ ಹತ್ತಿರ, ಊರು ಬಿಟ್ಟು ಹೋಗಿ ಬೇರೆ ದೇಶದಲ್ಲಿ ನೋಂದಣಿ ಮಾಡಿಸಿದವರ ಹತ್ತಿರ. ಅಂಥ ಒಂದಷ್ಟು ಜನರನ್ನು ಹುಡುಕಿ ಮಾತಾಡಿಸಿ. ಕಂಪನಿ ಯಾವ ತಿಂಗಳು ಕೈಕೊಟ್ಟಿತು, ಆ ತಿಂಗಳು ಏನು ಕಮ್ಮಿಯಾಗಿತ್ತು ಅಂತ ಕೇಳಿ.

ಉತ್ತರಗಳು ಸಾಮಾನ್ಯವಾಗಿ ಐದಾರು ಗುಂಪಿಗೆ ಬೀಳುತ್ತವೆ. ಶುರು ಮಾಡುವ ಧೈರ್ಯವೇ ಬರಲಿಲ್ಲ, ಮನೆ ನಡೆಸಲು ಸಂಬಳ ಬೇಕಿತ್ತು. ಶುರು ಮಾಡಿದೆವು, ಕೊಳ್ಳುವವರು ಸಿಗಲಿಲ್ಲ. ಕೊಂಡರು, ದುಡ್ಡು ಬರಲಿಲ್ಲ. ವ್ಯಾಪಾರ ಚೆನ್ನಾಗಿತ್ತು, ಬೆಳೆಯಲು ಬಂಡವಾಳ ಸಿಗಲಿಲ್ಲ. ಬಂಡವಾಳ ಬಂತು, ಹೂಡಿಕೆದಾರರು ಕಂಪನಿಯನ್ನು ಹೊರದೇಶಕ್ಕೆ ಒಯ್ಯಿ ಅಂದರು. ಎಲ್ಲವೂ ಸರಿಯಿತ್ತು, ಪಳಗಿದ ಮ್ಯಾನೇಜರ್‌ಗಳೇ ಇರಲಿಲ್ಲ. ಒಂದೊಂದು ಉತ್ತರಕ್ಕೂ ಮದ್ದು ಬೇರೆ.

ಯಾವ ದಾರಿಯನ್ನಾದರೂ ತೂಗುವಾಗ ನಾನು ಮೂರು ವಿಷಯ ನೋಡುತ್ತೇನೆ. ಫಲ ಕಾಣಲು ಎಷ್ಟು ವರ್ಷ ಬೇಕು? ತಪ್ಪಾದರೆ ವಾಪಸ್ ಬರಬಹುದಾ? ಮತ್ತೆ, ಗೆಲ್ಲುವವರನ್ನು ಆರಿಸುವುದು ಯಾರು: ಸ್ವಂತ ಹಣ ಕಳೆದುಕೊಳ್ಳುವವರಾ, ಏನೂ ಕಳೆದುಕೊಳ್ಳದವರಾ? ಮೂರನೆಯದಕ್ಕೆ ಬೆಲೆ ಜಾಸ್ತಿ.

ಕಟ್ಟಡ ಮತ್ತು ಟೆಕ್ ಪಾರ್ಕ್

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು. ಕಾರಣ ಸರಳ: ಫೋಟೋಗೆ ಚೆನ್ನಾಗಿ ಕಾಣುತ್ತದೆ. ಆದರೆ ಮೂರೂ ಅಳತೆಯಲ್ಲಿ ಇದು ಹಿಂದೆ ಬೀಳುತ್ತದೆ. ಕಟ್ಟಲು ವರ್ಷಗಳು ಬೇಕು. ಕಟ್ಟಿದ ಮೇಲೆ ವಾಪಸ್ ಬರಲಾಗದು. ಜಾಗ ಯಾರಿಗೆ ಅಂತ ನಿರ್ಧರಿಸುವುದು ಒಂದು ಕಚೇರಿ.

ಕೀನ್ಯಾದಲ್ಲಿ ಎರಡೂ ಬಗೆ ಒಟ್ಟಿಗೆ ಕಾಣಸಿಗುತ್ತವೆ. ನೈರೋಬಿಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಕೊಂಜಾ ಎಂಬ ತಂತ್ರಜ್ಞಾನ ನಗರ ಕಟ್ಟುವ ಯೋಜನೆ 2008ರ ಹೊತ್ತಿಗೆ ಬಂತು. ಅಡಿಗಲ್ಲು ಬಿದ್ದದ್ದು 2013ರಲ್ಲಿ. ಆಮೇಲೂ ಎಷ್ಟೋ ವರ್ಷ ಅದು ಬಹುಪಾಲು ಬಯಲಾಗಿಯೇ ಇತ್ತು. ಈ ನಡುವೆ 2010ರಲ್ಲಿ ನೈರೋಬಿ ಒಳಗೇ, ಒಂದು ಕಟ್ಟಡದ ಮಹಡಿಯಲ್ಲಿ ಐಹಬ್ ಶುರುವಾಯಿತು. ಒಳ್ಳೆಯ ಇಂಟರ್ನೆಟ್, ಕೂರಲು ಜಾಗ, ತಮ್ಮಂಥವರೇ ನಾಲ್ಕು ಜನ. ಆ ಹೊತ್ತಿನ ಕೀನ್ಯಾದ ಸಾಫ್ಟ್‌ವೇರ್ ಹುಡುಗರು, ಹುಡುಗಿಯರು ಒಬ್ಬರಿಗೊಬ್ಬರು ಸಿಕ್ಕಿದ್ದು ಅಲ್ಲಿ. ಕೊಂಜಾದ ಖರ್ಚಿನ ಮುಂದೆ ಅದು ಏನೇನೂ ಅಲ್ಲ.

ಪಾರ್ಕ್ ಗೆದ್ದ ಉದಾಹರಣೆಯೂ ಇದೆ, ಅಲ್ವಾ? ತೈವಾನಿನ ಶಿಂಚು ಪಾರ್ಕ್ 1980ರಲ್ಲಿ ಶುರುವಾಯಿತು, ಇವತ್ತು ಜಗತ್ತಿನ ಚಿಪ್ ಉದ್ಯಮದ ಗುಂಡಿಗೆ ಅದು. ಆದರೆ ಮೊದಲು ಬಂದದ್ದು ಏನು ನೋಡಿ. ಇಟ್ರಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ 1973ರಲ್ಲೇ ಇತ್ತು. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಯಾರಿಕೆಯ ತಂತ್ರಜ್ಞಾನ ತಂದು, ಎಂಜಿನಿಯರ್‌ಗಳನ್ನು ಅಲ್ಲಿಗೇ ಕಳಿಸಿ ಕಲಿಸಿದರು. ಎರಡು ಒಳ್ಳೆಯ ವಿಶ್ವವಿದ್ಯಾಲಯಗಳು ಪಕ್ಕದಲ್ಲೇ ಇದ್ದವು. 1987ರಲ್ಲಿ ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿ ಹುಟ್ಟುವಾಗ ಅದರ ಚುಕ್ಕಾಣಿ ಹಿಡಿದ ಮೋರಿಸ್ ಚಾಂಗ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 25 ವರ್ಷ ದುಡಿದು ಬಂದವರು. ಜನ ಮೊದಲೇ ಇದ್ದರು, ಪಾರ್ಕ್ ಅವರಿಗೆ ಜಾಗ ಕೊಟ್ಟಿತು. ಇದನ್ನು ತಿರುಗಿಸಿ, ಮೊದಲು ಪಾರ್ಕ್ ಕಟ್ಟಿ ಆಮೇಲೆ ಜನರಿಗೆ ಕಾದ ಕಡೆ ಫಲ ಸಿಕ್ಕಿದ್ದು ಕಮ್ಮಿ.

ಯಾವಾಗ ಇದನ್ನು ಆರಿಸಬೇಕು? ಪ್ರಯೋಗಾಲಯ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ), ಪರೀಕ್ಷಾ ಯಂತ್ರಗಳಂಥ, ಒಂದೊಂದು ಸ್ಟಾರ್ಟಪ್ ಸ್ವಂತವಾಗಿ ಕೊಳ್ಳಲಾಗದ ಉಪಕರಣ ಬೇಕಾದಾಗ. ಸುಮ್ನೆ ಮೇಜು ಕುರ್ಚಿ ಸಾಕಾದರೆ ಬಾಡಿಗೆ ಮಹಡಿ ಸಾಕು.

ನೇರ ಧನಸಹಾಯ

ಚಿಲಿ ದೇಶ 2010ರಲ್ಲಿ ಸ್ಟಾರ್ಟ್-ಅಪ್ ಚಿಲಿ ಶುರು ಮಾಡಿತು. ಜಗತ್ತಿನ ಯಾವ ಮೂಲೆಯಿಂದಲಾದರೂ ಬನ್ನಿ, 40,000 ಡಾಲರ್ ಕೊಡುತ್ತೇವೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ, ಒಂದು ವರ್ಷದ ವೀಸಾ ಕೊಡುತ್ತೇವೆ ಅಂದರು. ಜನ ಬಂದರು. ಹೆಸರೂ ಬಂತು. ಅವಧಿ ಮುಗಿದ ಮೇಲೆ ಬಂದವರಲ್ಲಿ ಹೆಚ್ಚಿನವರು ಹೊರಟೂ ಹೋದರು. ಆಮೇಲೆ ಯೋಜನೆಯನ್ನು ತಿದ್ದಿ ಸ್ಥಳೀಯರಿಗೆ ಜಾಸ್ತಿ ಜಾಗ ಮಾಡಿಕೊಟ್ಟರು.

ಇದನ್ನು ಸೋಲು ಅಂತ ತಳ್ಳಿಹಾಕಬೇಡಿ. ಈ ಯೋಜನೆಯನ್ನು ನಂತರ ಅಳೆದು ನೋಡಿದ ಅಧ್ಯಯನವೊಂದು ಕುತೂಹಲದ ಸಂಗತಿ ಹೇಳಿತು. ಬರೀ ಹಣ ಮತ್ತು ಕೂರುವ ಜಾಗ ಸಿಕ್ಕ ಕಂಪನಿಗಳಿಗೆ ಗುರುತಿಸುವಂಥ ಲಾಭ ಕಾಣಲಿಲ್ಲ. ಅದರ ಜೊತೆಗೆ ನಿಯಮಿತವಾಗಿ ಕೂರಿಸಿ, ಗುರಿ ಹಾಕಿಸಿ, ಮುಂದಿನ ಸಲ ಲೆಕ್ಕ ಕೇಳಿದ ಕಂಪನಿಗಳು ಚೆನ್ನಾಗಿ ಬೆಳೆದವು. ಅಂದರೆ ಚೆಕ್‌ಗಿಂತ, ಚೆಕ್ ಕೊಟ್ಟವರು ಆಮೇಲೆ ಫೋನ್ ಮಾಡಿ ವಿಚಾರಿಸಿದ್ದೇ ಹೆಚ್ಚು ಕೆಲಸ ಮಾಡಿತು.

ನೈಜೀರಿಯಾದ ಉದಾಹರಣೆ ಇನ್ನೂ ಗಟ್ಟಿ. 2011ರಲ್ಲಿ ಶುರುವಾದ ಯೂವಿನ್ ಎಂಬ, ಉದ್ಯಮ ಯೋಜನೆಗಳ ಸರ್ಕಾರಿ ಸ್ಪರ್ಧೆಗೆ ಮೊದಲ ಸುತ್ತಿನಲ್ಲಿ ಸುಮಾರು 24,000 ಅರ್ಜಿ ಬಂದವು. ಸುಮಾರು 1,200 ಜನ ಗೆದ್ದರು, ತಲಾ ಸರಾಸರಿ 50,000 ಡಾಲರ್. ಹಣವನ್ನು ಒಂದೇ ಸಲ ಸುರಿಯಲಿಲ್ಲ. ಕೆಲಸ ಮುಂದೆ ಹೋದ ಹಾಗೆ ಕಂತಿನಲ್ಲಿ ಕೊಟ್ಟರು. ಜಾಣತನ ಇದ್ದದ್ದು ಆಯ್ಕೆಯಲ್ಲಿ: ಅತಿ ಹೆಚ್ಚು ಅಂಕ ಬಂದವರನ್ನು ನೇರವಾಗಿ ತೆಗೆದುಕೊಂಡರು, ಸೆಮಿಫೈನಲ್ ತಲುಪಿದ ಉಳಿದವರಲ್ಲಿ ಒಂದಷ್ಟು ಜನರನ್ನು ಲಾಟರಿ ಎತ್ತಿದರು. ಲಾಟರಿ ಇದ್ದದ್ದರಿಂದಲೇ ಆಮೇಲೆ ಗೆದ್ದವರನ್ನೂ ಸೋತವರನ್ನೂ ಪ್ರಾಮಾಣಿಕವಾಗಿ ಹೋಲಿಸಲು ಆಯಿತು. ಮೂರು ವರ್ಷದ ನಂತರ ಹಣ ಸಿಕ್ಕವರ ಕಂಪನಿಗಳು ಹೆಚ್ಚು ಉಳಿದಿದ್ದವು, ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದವು.

ಧನಸಹಾಯ ಕೊಡುವವರು ಈ ಲಾಟರಿಯನ್ನು ನಕಲು ಮಾಡಬೇಕು ಅಂತ ನನಗನ್ನಿಸುತ್ತದೆ. ನೂರನೇ ಅರ್ಜಿಗೂ ನೂರೊಂದನೆಯದಕ್ಕೂ ವ್ಯತ್ಯಾಸ ಯಾವ ಸಮಿತಿಗೂ ಕಾಣುವುದಿಲ್ಲ. ಲಾಟರಿ ಇಟ್ಟರೆ ಶಿಫಾರಸು ಪತ್ರಗಳ ಕಾಟವೂ ಕಮ್ಮಿಯಾಗುತ್ತದೆ.

'ಮನೆ ನಡೆಸಲು ಸಂಬಳ ಬೇಕಿತ್ತು' ಎಂಬ ಉತ್ತರ ಜಾಸ್ತಿ ಬಂದರೆ ಈ ದಾರಿ ಸರಿ. ಕೊಳ್ಳುವವರೇ ಇಲ್ಲದ ಕಡೆ ಧನಸಹಾಯ ಕೊಟ್ಟರೆ ಸ್ಥಾಪಕರು ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಓಡಾಡುವುದನ್ನೇ ಕಸುಬು ಮಾಡಿಕೊಳ್ಳುತ್ತಾರೆ. ಪಿಚ್ ಸ್ಪರ್ಧೆಯಲ್ಲಿ, ಅಂದರೆ ವೇದಿಕೆ ಮೇಲೆ ತಮ್ಮ ಯೋಜನೆ ಹೇಳಿ ಗೆಲ್ಲುವುದರಲ್ಲಿ ಪಳಗಿದ, ಒಬ್ಬ ಗಿರಾಕಿಯೂ ಇಲ್ಲದ ಕಂಪನಿಗಳನ್ನು ಎಲ್ಲ ದೇಶದಲ್ಲೂ ಕಾಣಬಹುದು.

ಸರ್ಕಾರಿ ಹಣ, ಖಾಸಗಿ ಫಂಡ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಂದೇ ದೇಶ ಎರಡು ವರ್ಷದೊಳಗೆ ಎರಡು ವಿನ್ಯಾಸ ಪ್ರಯತ್ನಿಸಿ, ಒಂದರಲ್ಲಿ ಸೋತು ಒಂದರಲ್ಲಿ ಗೆದ್ದ ಉದಾಹರಣೆ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಇಸ್ರೇಲ್ 1992ರಲ್ಲಿ ಇನ್ಬಾಲ್ ಎಂಬ ಯೋಜನೆ ತಂದಿತು. ವೆಂಚರ್ ಫಂಡ್‌ಗಳು (ಹೊಸ ಕಂಪನಿಗಳಲ್ಲಿ ಹಣ ಹೂಡಿ ಪಾಲು ಪಡೆಯುವ ನಿಧಿಗಳು) ಷೇರುಪೇಟೆಯಲ್ಲಿ ಹಣ ಎತ್ತಲಿ, ನಷ್ಟವಾದರೆ ಶೇ 70ರವರೆಗೆ ಸರ್ಕಾರ ಖಾತ್ರಿ ಕೊಡುತ್ತದೆ ಅಂತ. ಕೇಳಲು ಚೆನ್ನಾಗಿದೆ. ನಾಲ್ಕು ಫಂಡ್ ಹುಟ್ಟಿದವು, ಯಾವುದೂ ಹೆಸರು ಮಾಡಲಿಲ್ಲ. ಬಿದ್ದರೆ ಮೆತ್ತಗೆ ಬೀಳುತ್ತೇವೆ ಅಂತ ಗೊತ್ತಿದ್ದವರಿಗೆ ಮೇಲೆ ಹತ್ತುವ ಆತುರ ಇರುವುದಿಲ್ಲ.

1993ರಲ್ಲಿ ಯಿಗಾಲ್ ಎರ್ಲಿಕ್ ಎಂಬವರ ನೇತೃತ್ವದಲ್ಲಿ ಯೋಜ್ಮಾ ಎಂಬ ಇನ್ನೊಂದು ಯೋಜನೆ ಬಂತು. ಒಟ್ಟು 10 ಕೋಟಿ ಡಾಲರ್. ಇದರಲ್ಲಿ 8 ಕೋಟಿಯನ್ನು ಹತ್ತು ಫಂಡ್‌ಗಳಿಗೆ ಹಂಚಿದರು. ಪ್ರತಿ ಫಂಡ್‌ನಲ್ಲೂ ಹೊರದೇಶದ ಒಬ್ಬ ಅನುಭವಿ ಹೂಡಿಕೆದಾರ ಮತ್ತು ಸ್ಥಳೀಯ ಹಣಕಾಸು ಸಂಸ್ಥೆ ಇರಲೇಬೇಕು. ಸರ್ಕಾರದ ಪಾಲು ಸುಮಾರು ಶೇ 40. ಫಂಡ್ ಚೆನ್ನಾಗಿ ನಡೆದರೆ ಐದು ವರ್ಷದೊಳಗೆ ಸರ್ಕಾರದ ಪಾಲನ್ನು ಅಸಲು ಮತ್ತು ಬಡ್ಡಿ ಕೊಟ್ಟು ಖಾಸಗಿಯವರು ಕೊಂಡುಕೊಳ್ಳಬಹುದು.

ಈ ಕೊನೆಯ ಸಾಲಿನ ಬಲ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಫಂಡ್ 2 ಕೋಟಿ ಡಾಲರ್‌ನದ್ದು ಅಂತಿಟ್ಟುಕೊಳ್ಳಿ. ಸರ್ಕಾರದ್ದು 80 ಲಕ್ಷ, ಖಾಸಗಿಯವರದ್ದು 1.2 ಕೋಟಿ. ಫಂಡ್ ಬೆಳೆದು 6 ಕೋಟಿಯಾಯಿತು. ಮಾಮೂಲಿ ಹಂಚಿಕೆಯಲ್ಲಿ ಖಾಸಗಿಯವರಿಗೆ 3.6 ಕೋಟಿ. ಯೋಜ್ಮಾ ಲೆಕ್ಕದಲ್ಲಿ ಅವರು ಸರ್ಕಾರಕ್ಕೆ ಬಡ್ಡಿ ಸೇರಿ ಸುಮಾರು 1 ಕೋಟಿ ವಾಪಸ್ ಕೊಟ್ಟು, ಉಳಿದ 5 ಕೋಟಿ ಇಟ್ಟುಕೊಳ್ಳಬಹುದು. ಫಂಡ್ ಮುಳುಗಿದರೆ? ಅವರ 1.2 ಕೋಟಿಯೂ ಮುಳುಗುತ್ತದೆ, ಯಾವ ಖಾತ್ರಿಯೂ ಇಲ್ಲ. ಇನ್ಬಾಲ್ ಸೋಲನ್ನು ಅಗ್ಗ ಮಾಡಿತು. ಯೋಜ್ಮಾ ಗೆಲುವನ್ನು ದೊಡ್ಡದು ಮಾಡಿತು. ಹತ್ತರಲ್ಲಿ ಎಂಟು ಫಂಡ್‌ಗಳು ಸರ್ಕಾರದ ಪಾಲನ್ನು ಕೊಂಡುಕೊಂಡವು.

ಇದನ್ನು ಹಾಗೇ ಎತ್ತಿ ಇನ್ನೊಂದು ದೇಶಕ್ಕೆ ಹಾಕಿದರೆ ಕೆಲಸ ಮಾಡುತ್ತದೆ ಅಂತ ಹೇಳಲಾರೆ. ಆ ಹೊತ್ತಿಗೆ ಇಸ್ರೇಲಿಗೆ ಹಳೆಯ ಸೋವಿಯತ್ ನಾಡಿನಿಂದ ಎಂಜಿನಿಯರ್‌ಗಳ ದೊಡ್ಡ ದಂಡೇ ವಲಸೆ ಬಂದಿತ್ತು. ಸೇನೆಯ ಸಂಶೋಧನೆ ಇತ್ತು. ಅಮೆರಿಕದ ಷೇರುಪೇಟೆಯ ಬಾಗಿಲು ತೆರೆದಿತ್ತು. ಕೊರತೆ ಇದ್ದದ್ದು ಹೂಡಿಕೆ ಮಾಡಿ ಕಂಪನಿ ಬೆಳೆಸುವ ಅನುಭವಕ್ಕೆ, ಅದನ್ನೇ ಹೊರಗಿನಿಂದ ತರಿಸಿಕೊಂಡರು.

ಭಾರತ 2016ರಲ್ಲಿ ಇದರ ಹತ್ತಿರದ ದಾರಿ ಹಿಡಿಯಿತು. 10,000 ಕೋಟಿ ರೂಪಾಯಿಯ ಫಂಡ್ ಆಫ್ ಫಂಡ್ಸ್, ನಿರ್ವಹಣೆ ಸಣ್ಣ ಉದ್ಯಮಗಳಿಗೆಂದೇ ಇರುವ ಸಿಡ್ಬಿ ಬ್ಯಾಂಕಿನದ್ದು. ಸರ್ಕಾರ ಸ್ಟಾರ್ಟಪ್ ಆರಿಸುವುದಿಲ್ಲ, ಫಂಡ್ ಆರಿಸುತ್ತದೆ. ಹಣ ಪಡೆದ ಫಂಡ್ ಅದರ ಎರಡರಷ್ಟನ್ನಾದರೂ ಸ್ಟಾರ್ಟಪ್‌ಗಳಿಗೆ ಹಾಕಬೇಕು. ಕಂಪನಿ ಆರಿಸುವ ಕೆಲಸ ಖಾಸಗಿಯವರಿಗೆ ಬಿಟ್ಟದ್ದು ಒಳ್ಳೆಯದು. ಆದರೆ ಇಂಥ ಯೋಜನೆಗಳಲ್ಲಿ ಹಣ ಎರಡು ಕಡೆ ದಾಟಿ ಬರಬೇಕು: ಸರ್ಕಾರದಿಂದ ಫಂಡ್‌ಗೆ, ಫಂಡ್‌ನಿಂದ ಕಂಪನಿಗೆ. ಹಾಗಾಗಿ ತಾಳ್ಮೆ ಬೇಕು.

ಆರಿಸುವವರಿಗೆ ಎರಡು ಎಚ್ಚರಿಕೆ. ಒಂದು, ಅಧಿಕಾರಿಗಳೇ ಕೂತು ನೇರವಾಗಿ ಕಂಪನಿಗಳಿಗೆ ಹಣ ಹಾಕುವ ಫಂಡ್ ಬೇಡ. ಸೋತ ಹೂಡಿಕೆಗೆ ಲೆಕ್ಕಪರಿಶೋಧಕರು ವಿವರಣೆ ಕೇಳುತ್ತಾರೆ ಅನ್ನುವ ಭಯದಲ್ಲಿ ಅವರು ಸೋಲದಂಥ ಕಂಪನಿಗಳನ್ನೇ ಹುಡುಕುತ್ತಾರೆ, ಅಂಥವಕ್ಕೆ ಸರ್ಕಾರದ ಹಣ ಬೇಕಾಗಿಯೇ ಇರುವುದಿಲ್ಲ. ಎರಡು, ಹೂಡಿದ ಹಣವೆಲ್ಲ ಇದೇ ಜಿಲ್ಲೆಯಲ್ಲಿ, ಇದೇ ರಾಜ್ಯದಲ್ಲಿ ಖರ್ಚಾಗಬೇಕು ಅನ್ನುವ ಷರತ್ತು ಜಾಸ್ತಿ ಬಿಗಿಯಾದಷ್ಟೂ ಒಳ್ಳೆಯ ಫಂಡ್ ಮ್ಯಾನೇಜರ್‌ಗಳು ದೂರ ಸರಿಯುತ್ತಾರೆ.

ಡಿಜಿಟಲ್ ಹಳಿಗಳು

ಗುರುತು, ಪಾವತಿ, ದಾಖಲೆ. ಈ ಮೂರನ್ನು ಸಾರ್ವಜನಿಕ ಸೌಕರ್ಯ ಮಾಡಿದರೆ ಪ್ರತಿ ಸ್ಟಾರ್ಟಪ್‌ನ ಖರ್ಚೂ ಒಟ್ಟಿಗೇ ಇಳಿಯುತ್ತದೆ. ಯಾರನ್ನೂ ಆರಿಸುವ ತಂಟೆ ಇಲ್ಲ.

ಆದರೆ ಹಳಿ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಮೊಬೈಲಿನಲ್ಲೇ ಹಣ ಕಳಿಸುವ ಕೀನ್ಯಾದ ಎಂ-ಪೆಸಾ 2007ರಲ್ಲಿ ಬಂತು. ಸಫಾರಿಕಾಂ ಎಂಬ ಒಂದೇ ಟೆಲಿಕಾಂ ಕಂಪನಿಯದ್ದು. ಜನರ ಬದುಕನ್ನೇ ಬದಲಿಸಿತು. ದಿನಕ್ಕಿಷ್ಟು ಅಂತ ಕಂತು ಕಟ್ಟಿಸಿಕೊಂಡು ಸೋಲಾರ್ ದೀಪ ಕೊಡುವ ಎಂ-ಕೋಪಾದಂಥ ಕಂಪನಿಗಳು ಅದರ ಮೇಲೆಯೇ ನಿಂತವು. ಆದರೂ ಹೊರಗಿನ ಡೆವಲಪರ್‌ಗಳು ಸುಲಭವಾಗಿ ಜೋಡಿಸಿಕೊಳ್ಳುವಂಥ ವೇದಿಕೆ ತೆರೆದದ್ದು 2017ರಲ್ಲಿ, ಹತ್ತು ವರ್ಷದ ನಂತರ. ಭಾರತದ ಯುಪಿಐ 2016ರಲ್ಲಿ, ಬ್ರೆಜಿಲ್‌ನ ಪಿಕ್ಸ್ 2020ರ ನವೆಂಬರ್‌ನಲ್ಲಿ ಬಂದವು. ಎರಡೂ ಮೊದಲಿಂದಲೇ ಎಲ್ಲ ಬ್ಯಾಂಕ್‌ಗಳನ್ನು ಒಂದಕ್ಕೊಂದು ಸೇರಿಸುವ ವ್ಯವಸ್ಥೆಗಳು. ಪಿಕ್ಸ್ ನಡೆಸುವುದು ಕೇಂದ್ರ ಬ್ಯಾಂಕೇ. ದೊಡ್ಡ ಬ್ಯಾಂಕ್‌ಗಳು ಸೇರಲೇಬೇಕು ಅಂತ ಅದು ಕಡ್ಡಾಯ ಮಾಡಿತು. ಅದು ಅಷ್ಟು ಬೇಗ ಹಬ್ಬಿದ್ದಕ್ಕೆ ಇದೇ ದೊಡ್ಡ ಕಾರಣ.

ಹಳಿ ತೆರೆದಿದ್ದ ಮಾತ್ರಕ್ಕೆ ಪೈಪೋಟಿ ತಾನಾಗಿ ಬರುವುದಿಲ್ಲ ಅನ್ನುವುದನ್ನೂ ಯುಪಿಐ ತೋರಿಸಿತು. ವಹಿವಾಟಿನಲ್ಲಿ ಬಹುದೊಡ್ಡ ಪಾಲು ಎರಡೇ ಆ್ಯಪ್‌ಗಳ ಕೈಯಲ್ಲಿದೆ. 2020ರಿಂದ ವ್ಯಾಪಾರಿಗಳ ಮೇಲೆ ಶುಲ್ಕವೂ ಇಲ್ಲವಾದ್ದರಿಂದ ಬರೀ ಪಾವತಿಯಿಂದ ಬದುಕುವುದು ಸಣ್ಣ ಕಂಪನಿಗೆ ಕಷ್ಟ. ಲಾಭವಾದದ್ದು ಪಾವತಿಯ ಮೇಲೆ ಬೇರೆ ಏನನ್ನೋ ಕಟ್ಟಿದವರಿಗೆ.

ಸಮಯ ಹಿಡಿಯುವ ಕೆಲಸ ಇದು. ಇಲಾಖೆಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ಎಸ್ಟೋನಿಯಾದ ಎಕ್ಸ್-ರೋಡ್ ಜಾಲ 2001ರದ್ದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದರ ಮೇಲೆ ಸೇವೆಗಳನ್ನು ಒಂದೊಂದಾಗಿ ಜೋಡಿಸುತ್ತ ಬಂದಿದ್ದಾರೆ. ಚುನಾವಣೆಯೊಳಗೆ ಫಲ ಬೇಕು ಅನ್ನುವವರಿಗೆ ಈ ದಾರಿ ಅಲ್ಲ.

ಕಾನೂನು ಮತ್ತು ತೆರಿಗೆ

ಖರ್ಚು ಕಮ್ಮಿ, ಕೆಲಸ ಜಾಸ್ತಿ. ಟ್ಯುನೀಷಿಯಾ 2018ರಲ್ಲಿ ಸ್ಟಾರ್ಟಪ್ ಕಾಯ್ದೆ ತಂದಿತು. ನನಗೆ ಅದರಲ್ಲಿ ಇಷ್ಟವಾದದ್ದು ಎರಡು ಅಂಶ. ಕೆಲಸದಲ್ಲಿರುವವರು ಸ್ಟಾರ್ಟಪ್ ಶುರು ಮಾಡಲು ಒಂದು ವರ್ಷ ರಜೆ ಪಡೆಯಬಹುದು, ಕೆಲಸ ಹೋಗುವುದಿಲ್ಲ. ಮಾನ್ಯತೆ ಸಿಕ್ಕ ಕಂಪನಿ ವಿದೇಶಿ ಕರೆನ್ಸಿ ಖಾತೆ ತೆರೆಯಬಹುದು. ವಿದೇಶಿ ವಿನಿಮಯಕ್ಕೆ ಕಟ್ಟುನಿಟ್ಟು ಇರುವ ದೇಶದಲ್ಲಿ ಸರ್ವರ್ ಬಾಡಿಗೆ ಕಟ್ಟಲೂ ಪರದಾಡುವವರಿಗೆ ಇದು ಎಷ್ಟು ದೊಡ್ಡದು ಅಂತ ಕೇಳಿ ನೋಡಿ. ಎರಡೂ ಅಂಶ ಯಾರೋ ಸ್ಥಾಪಕರ ಪಕ್ಕ ಕೂತು ಬರೆದ ಹಾಗಿವೆ.

ಉಲ್ಟಾ ಉದಾಹರಣೆ ಭಾರತದ ಏಂಜೆಲ್ ಟ್ಯಾಕ್ಸ್. 2012ರಲ್ಲಿ ಕಪ್ಪುಹಣ ತಡೆಯಲು ತಂದದ್ದು. 'ನ್ಯಾಯಯುತ ಬೆಲೆ'ಗಿಂತ ಹೆಚ್ಚಿಗೆ ಷೇರು ಮಾರಿದರೆ ಆ ಹೆಚ್ಚುವರಿ ಹಣವನ್ನು ಕಂಪನಿಯ ಆದಾಯ ಅಂತ ಲೆಕ್ಕ ಹಾಕುತ್ತಿದ್ದರು. ಇನ್ನೂ ಏನೂ ಮಾರದ ಕಂಪನಿಯ ನ್ಯಾಯಯುತ ಬೆಲೆ ಎಷ್ಟು ಅಂತ ಯಾರು ಹೇಳಬೇಕು? ವಿನಾಯಿತಿಗಳ ಮೇಲೆ ವಿನಾಯಿತಿ ಬಂದು, ಪೂರ್ತಿ ರದ್ದು ಮಾಡುವ ಘೋಷಣೆ ಬರುವಷ್ಟರಲ್ಲಿ 2024 ಆಗಿತ್ತು.

ಕಂಪನಿಯ ನೋಂದಣಿ ಹೊರಗೆ ಹೋದರೆ ವಾಪಸ್ ತರುವುದು ದುಬಾರಿ. ಫೋನ್‌ಪೇ 2022ರಲ್ಲಿ ಸಿಂಗಾಪುರದಿಂದ ಭಾರತಕ್ಕೆ ನೋಂದಣಿ ಬದಲಿಸಿದಾಗ ಅದರ ಹೂಡಿಕೆದಾರರು ಸುಮಾರು 8,000 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ದೊಡ್ಡ ಕಂಪನಿಗೆ ಇದು ಸಾಧ್ಯ. ಸಣ್ಣವರು ಹೋದರೆ ಹೋದರು.

ಕಂಪನಿ ತೆರೆಯುವುದನ್ನು ಒಂದು ದಿನಕ್ಕೆ ಇಳಿಸಿದ್ದೇವೆ ಅಂತ ಸರ್ಕಾರಗಳು ಹೇಳಿಕೊಳ್ಳುತ್ತವೆ. ಮುಚ್ಚಲು ಎಷ್ಟು ದಿನ ಅಂತ ಕೇಳಿ. ಸೋತ ಸ್ಥಾಪಕ ಹಳೆಯ ಕಂಪನಿಯ ಕಾಗದಪತ್ರದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡರೆ ಎರಡನೆಯದನ್ನು ಕಟ್ಟಲು ಅವರಿಗೆ ಪುರುಸೊತ್ತೇ ಇರುವುದಿಲ್ಲ. ಎರಡನೇ ಸಲ ಕಟ್ಟುವವರೇ ಇಲ್ಲದಿದ್ದರೆ ಪ್ರತಿ ತಂಡವೂ ಮೊದಲಿಂದ ಕಲಿಯಬೇಕು.

ಮೊದಲ ಗಿರಾಕಿಯಾಗುವುದು

ನಾನು ಎಲ್ಲಕ್ಕಿಂತ ಮೇಲಿಡುವ ದಾರಿ ಇದು. ಎಲ್ಲರೂ ಬಿಟ್ಟುಬಿಡುವ ದಾರಿಯೂ ಇದೇ.

1960ರ ದಶಕದ ಆರಂಭದಲ್ಲಿ ಅಮೆರಿಕದ ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳ (ಅಂದರೆ ಚಿಪ್‌ಗಳ) ಬಹುಪಾಲು ಖರೀದಿದಾರ ಅಲ್ಲಿನ ಸರ್ಕಾರವೇ. ಕ್ಷಿಪಣಿಗೆ, ಅಪೋಲೋ ನೌಕೆಯ ಕಂಪ್ಯೂಟರ್‌ಗೆ ಬೇಕಿತ್ತು. ಬೆಲೆ ಕೆಳಗಿಳಿದು ಮಾಮೂಲಿ ಗಿರಾಕಿಗಳ ಕೈಗೆ ಎಟುಕುವವರೆಗೆ ಆ ಉದ್ಯಮವನ್ನು ಉಳಿಸಿದ್ದು ಆ ಆರ್ಡರ್‌ಗಳು. ಸಿಲಿಕಾನ್ ವ್ಯಾಲಿ ನೋಡಿ ಬಂದವರು ಈ ಭಾಗವನ್ನು ಹೇಳುವುದು ಕಮ್ಮಿ.

ಹೆಚ್ಚಿನ ಬೆಳೆಯುತ್ತಿರುವ ದೇಶಗಳಲ್ಲಿ ಅತಿ ದೊಡ್ಡ ಖರೀದಿದಾರ ಸರ್ಕಾರ. ಹಾಗಿದ್ದರೆ ಸ್ಟಾರ್ಟಪ್ ಯಾಕೆ ಮಾರುವುದಿಲ್ಲ? ಒಂದು ಟೆಂಡರ್ ದಾಖಲೆ ತೆಗೆದು ಓದಿ. ಐದು ಜನರ ಒಂದು ಕಂಪನಿ ಇದೆ ಅಂತಿಟ್ಟುಕೊಳ್ಳೋಣ, ಆಸ್ಪತ್ರೆಗಳ ಔಷಧಿ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿದ್ದಾರೆ. ಮೊದಲ ಷರತ್ತು: ಕಳೆದ ಮೂರು ವರ್ಷ ಇಷ್ಟು ವಹಿವಾಟು ಇರಬೇಕು. ಕಂಪನಿಗೆ ಒಂದೂವರೆ ವರ್ಷ ವಯಸ್ಸು. ಎರಡನೆಯದು: ಇಂಥದ್ದೇ ಕೆಲಸ ಬೇರೆ ಇಲಾಖೆಗೆ ಮಾಡಿರಬೇಕು. ಹೊಸದು ಅನ್ನುವ ಕಾರಣಕ್ಕೇ ತಾನೇ ಇವರು ಬಂದಿರುವುದು? ಮೂರನೆಯದು: ಮುಂಗಡ ಠೇವಣಿ. ಆಮೇಲೆ ಬ್ಯಾಂಕ್ ಗ್ಯಾರಂಟಿ. ಅದಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ, ಇವರ ಹತ್ತಿರ ಇರುವುದು ಲ್ಯಾಪ್‌ಟಾಪ್.

ಇದೆಲ್ಲ ದಾಟಿದರು ಅನ್ನಿ. ಹಣ ಬರುವುದು 'ಅಂಗೀಕಾರ'ದ ನಂತರ. ಅಂಗೀಕಾರಕ್ಕೆ ಸಹಿ ಹಾಕಬೇಕಾದ ಅಧಿಕಾರಿಗೆ ವರ್ಗಾವಣೆಯಾಗಿದೆ. ಹೊಸಬರು ಕಡತ ಮೊದಲಿಂದ ಓದುತ್ತಾರೆ. ಸಾಫ್ಟ್‌ವೇರ್ ಆಸ್ಪತ್ರೆಗಳಲ್ಲಿ ಓಡುತ್ತಿದೆ, ಔಷಧಿ ವ್ಯರ್ಥವಾಗುವುದು ನಿಂತಿದೆ, ಎಲ್ಲರಿಗೂ ಖುಷಿ. ಕಂಪನಿ ಮಾತ್ರ ಆರನೇ ತಿಂಗಳ ಸಂಬಳಕ್ಕೆ ಕೈಸಾಲ ಹುಡುಕುತ್ತಿದೆ. ಮುಂದಿನ ಸಲ ಆ ಕೆಲಸ ದೊಡ್ಡ ಕಂಪನಿಗೆ ಹೋಗುತ್ತದೆ. ಅವರು ಅದನ್ನು ಇಂಥದ್ದೇ ಒಂದು ಸಣ್ಣ ಕಂಪನಿಗೆ ಒಳಗುತ್ತಿಗೆ ಕೊಡುತ್ತಾರೆ, ಅರ್ಧ ದರಕ್ಕೆ.

ಇದನ್ನು ಸರಿಪಡಿಸಲು ಹೊಸ ಹಣ ಬೇಕಿಲ್ಲ. ವಹಿವಾಟು, ಅನುಭವದ ಷರತ್ತು ಮತ್ತು ಠೇವಣಿಯಿಂದ ಭಾರತ ಸ್ಟಾರ್ಟಪ್‌ಗಳಿಗೆ ವಿನಾಯಿತಿ ಕೊಟ್ಟಿದೆ. ಅದು ಅರ್ಧ ಕೆಲಸ. ಉಳಿದರ್ಧ ಪಾವತಿಯ ದಿನಾಂಕ. ಸಣ್ಣ ಪ್ರಾಯೋಗಿಕ ಆರ್ಡರ್, ಅದರ ಹಣ ಮೊದಲೇ ಎತ್ತಿಟ್ಟು, ಮೂವತ್ತು ದಿನದೊಳಗೆ ಆಕ್ಷೇಪಣೆ ಬರದಿದ್ದರೆ ಅಂಗೀಕಾರವಾಯಿತು ಅಂತ ಒಪ್ಪಂದದಲ್ಲೇ ಬರೆಯುವುದು. ಮತ್ತೆ, ಪ್ರಯೋಗ ಗೆದ್ದರೆ ಮುಂದೇನು ಅಂತಲೂ ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಪ್ರಯೋಗದ ಮೇಲೆ ಪ್ರಯೋಗ ನಡೆಯುತ್ತಲೇ ಇರುತ್ತದೆ, ಆರ್ಡರ್ ಬರುವುದಿಲ್ಲ.

ಅಪಾಯ ಇಲ್ಲವಾ? ಇದೆ. ಸಂಬಂಧಿಕರ ಕಂಪನಿಗೆ 'ಸ್ಟಾರ್ಟಪ್' ಹಣೆಪಟ್ಟಿ ಹಚ್ಚಿ ಆರ್ಡರ್ ಕೊಡುವುದು ಎಲ್ಲಕ್ಕಿಂತ ಸುಲಭ. ಅದಕ್ಕೆ ಆರ್ಡರ್ ಸಣ್ಣದಿರಬೇಕು, ಯಾರಿಗೆ ಎಷ್ಟು ಅಂತ ಪಟ್ಟಿ ಬಹಿರಂಗವಾಗಿರಬೇಕು. ಇನ್ನೊಂದು: ಸರ್ಕಾರವನ್ನೇ ನಂಬಿದ ಕಂಪನಿ ಹೊರಗಿನ ಪೈಪೋಟಿಗೆ ಸೊರಗುತ್ತದೆ. ಮೊದಲ ಗಿರಾಕಿ ಸರ್ಕಾರವಾದರೆ ಸರಿ, ಐದನೇ ಗಿರಾಕಿಯೂ ಅದೇ ಆದರೆ ಯೋಚಿಸಬೇಕು.

ಮಾರಾಟವಾಗಲು ಬಿಡುವುದು

ಇದನ್ನು ಯೋಜನೆಯಾಗಿ ಬರೆಯಲು ಆಗುವುದಿಲ್ಲ, ಆದರೆ ತಡೆಯದೇ ಇರಬಹುದು. ಸ್ಥಳೀಯ ಕಂಪನಿಯನ್ನು ವಿದೇಶಿಯರು ಕೊಂಡಾಗ ಪತ್ರಿಕೆಗಳಲ್ಲಿ ಗೋಳಾಟ ಶುರುವಾಗುತ್ತದೆ. ಆಮೇಲೆ ಏನಾಯಿತು ಅಂತ ನೋಡಿ. ಎಸ್ಟೋನಿಯಾದಲ್ಲಿ ಕಟ್ಟಿದ ಸ್ಕೈಪ್ ಅನ್ನು ಇಬೇ 2005ರಲ್ಲಿ ಕೊಂಡಿತು. ಸ್ಕೈಪ್‌ನ ಮೊದಲ ಉದ್ಯೋಗಿ ತಾವೆಟ್ ಹಿನ್ರಿಕುಸ್ 2011ರಲ್ಲಿ ಇನ್ನೊಬ್ಬರ ಜೊತೆ ಸೇರಿ, ದೇಶದಿಂದ ದೇಶಕ್ಕೆ ಹಣ ಕಳಿಸುವ ವೈಸ್ ಕಂಪನಿ ಕಟ್ಟಿದರು. ಫ್ಲಿಪ್‌ಕಾರ್ಟ್‌ನ ಶೇ 77 ಪಾಲನ್ನು ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರ್‌ಗೆ ಕೊಂಡಿತು. ಫೋನ್‌ಪೇ ಕಟ್ಟಿದವರೂ ಮೊದಲು ಫ್ಲಿಪ್‌ಕಾರ್ಟ್‌ನಲ್ಲಿ ದುಡಿದವರೇ. ನೈಜೀರಿಯಾದ ಪಾವತಿ ಕಂಪನಿ ಪೇಸ್ಟ್ಯಾಕ್ ಅನ್ನು 2020ರಲ್ಲಿ ಅದೇ ಕ್ಷೇತ್ರದ ವಿದೇಶಿ ಕಂಪನಿ ಸ್ಟ್ರೈಪ್ 20 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಾಗ, ಲಾಗೋಸ್‌ನಿಂದಲೂ ಹಣ ವಾಪಸ್ ಬರುತ್ತದೆ ಅಂತ ಹೂಡಿಕೆದಾರರಿಗೆ ಕಣ್ಣಾರೆ ಕಂಡಿತು.

ಇಲ್ಲಿ ನೀತಿ ಮಾಡುವವರ ಕೈಯಲ್ಲಿರುವುದು ಉದ್ಯೋಗಿಗಳ ಷೇರು ಆಯ್ಕೆಯ, ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕಿನ, ತೆರಿಗೆ. ಷೇರು ಮಾರಿ ಹಣ ಕೈಗೆ ಬಂದಾಗ ತೆರಿಗೆ ಹಾಕಿ, ಬರುವ ಮೊದಲಲ್ಲ. ಮಾರಾಟದ ಹಣ ಸ್ಥಾಪಕರಿಗೆ ಮಾತ್ರ ಹೋದರೆ ಇಬ್ಬರು ಶ್ರೀಮಂತರಾಗುತ್ತಾರೆ. ಇನ್ನೂರು ಉದ್ಯೋಗಿಗಳಿಗೆ ಹೋದರೆ ಅವರಲ್ಲಿ ಕೆಲವರಾದರೂ ಮುಂದಿನ ಕಂಪನಿಗೆ ಮೊದಲ ಚೆಕ್ ಬರೆಯುತ್ತಾರೆ.

ನೀವು ಯಾರು ಅನ್ನುವುದರ ಮೇಲೆ

ಸಣ್ಣ ದೇಶವಾದರೆ ಒಳಗಿನ ಮಾರುಕಟ್ಟೆ ಸಾಲದು. ಸುಮಾರು 13 ಲಕ್ಷ ಜನರ ಎಸ್ಟೋನಿಯಾದವರು ಮೊದಲ ದಿನದಿಂದಲೇ ಹೊರಗೆ ಮಾರಲೇಬೇಕು. ಅಂಥ ಕಡೆ ಕಾನೂನು, ವಿದೇಶಿ ವಿನಿಮಯ, ಹೊರಗಿನ ಅನುಭವಿಗಳನ್ನು ಒಳಗೆ ತರುವ ಫಂಡ್ ಮೊದಲು. ದೊಡ್ಡ ದೇಶದಲ್ಲಿ ಡಿಜಿಟಲ್ ಹಳಿ ಮತ್ತು ಸರ್ಕಾರಿ ಖರೀದಿ ಮೊದಲು, ಯಾಕೆಂದರೆ ಒಳಗೇ ಗಿರಾಕಿಗಳಿದ್ದಾರೆ.

ಒಂದೇ ನಗರಕ್ಕೆ ಒತ್ತು ಕೊಡಬೇಕಾ, ಎಲ್ಲ ಕಡೆ ಹಂಚಬೇಕಾ? ರಾಜಕೀಯ ಹಂಚು ಅನ್ನುತ್ತದೆ. ಆರಂಭದಲ್ಲಿ ಹೂಡಿಕೆದಾರರು, ವಕೀಲರು, ಪಳಗಿದ ಎಂಜಿನಿಯರ್‌ಗಳು ಒಂದೇ ಕಡೆ ಇದ್ದಷ್ಟೂ ಒಳ್ಳೆಯದು. ಖರೀದಿಯನ್ನು ಮಾತ್ರ ಎಲ್ಲ ಜಿಲ್ಲೆಗೂ ಹಂಚಬಹುದು. ಒಂದೇ ಕ್ಷೇತ್ರಕ್ಕೆ ಪಣ ಕಟ್ಟುವುದು, ಅಲ್ಲಿ ಈಗಾಗಲೇ ಕೆಲಸ ಬಲ್ಲ ಜನರಿದ್ದರೆ ಸರಿ, ಈ ವರ್ಷ ಎಲ್ಲರೂ ಮಾತಾಡುತ್ತಿದ್ದಾರೆ ಅನ್ನುವ ಕಾರಣಕ್ಕೆ ಬೇಡ.

ರಾಜ್ಯ ಸರ್ಕಾರಗಳ ಕೈಯಲ್ಲಿ ಆದಾಯ ತೆರಿಗೆ, ಕಂಪನಿ ಕಾನೂನು ಸಾಮಾನ್ಯವಾಗಿ ಇರುವುದಿಲ್ಲ. ಆಸ್ಪತ್ರೆ, ಶಾಲೆ, ನೀರು, ಬಸ್ಸು ಇರುತ್ತವೆ. ಅವೆಲ್ಲ ಗಿರಾಕಿಗಳೇ. ವಿಶ್ವವಿದ್ಯಾಲಯವಾದರೆ ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನು ಸಾಕುವ ಕೇಂದ್ರ) ಬೋರ್ಡ್ ಹಾಕುವ ಮೊದಲು ಪ್ರಾಧ್ಯಾಪಕರಿಗೆ ಕಂಪನಿ ಕಟ್ಟಲು ರಜೆ ಸಿಗುತ್ತದಾ, ಪೇಟೆಂಟ್ ಯಾರದ್ದು ಅಂತ ಒಂದು ಪುಟದಲ್ಲಿ ಬರೆದಿದೆಯಾ ನೋಡಿ.

ಹಣವೂ ಇಲ್ಲ, ಅಧಿಕಾರವೂ ಇಲ್ಲದ ಉದ್ಯಮ ಸಂಘಕ್ಕೂ ಕೆಲಸವಿದೆ. ಯಾವ ಇಲಾಖೆ, ಯಾವ ದೊಡ್ಡ ಕಂಪನಿ ಸ್ಟಾರ್ಟಪ್‌ಗಳ ಬಿಲ್ಲನ್ನು ಎಷ್ಟು ದಿನಕ್ಕೆ ಪಾವತಿ ಮಾಡುತ್ತದೆ ಅಂತ ಸದಸ್ಯರಿಂದ ಬಿಲ್ಲಿನ ತಾರೀಖು, ಹಣ ಬಂದ ತಾರೀಖು ತರಿಸಿಕೊಳ್ಳಿ. ಸದಸ್ಯರ ಹೆಸರು ಮುಚ್ಚಿಡಿ, ಪಾವತಿ ಮಾಡಬೇಕಾದವರ ಹೆಸರು ಹಾಕಿ. ಆರು ತಿಂಗಳಿಗೊಮ್ಮೆ ಪಟ್ಟಿ ಹೊರಗೆ ಬಿಡಿ. ಮೊದಲ ಪಟ್ಟಿ ಬಂದಾಗ ಒಂದೆರಡು ಕಡೆಯಿಂದ ಸಿಟ್ಟಿನ ಫೋನ್ ಬರಬಹುದು. ಎರಡನೆಯದಕ್ಕೆ ಮುಂಚೆ ಕೆಲವು ಬಾಕಿ ಬಿಲ್ಲು ಪಾಸಾಗಲೂಬಹುದು.